ಯಾವ ಅಯನಾಂಶ, ಸ್ವಾಮಿ?

ಶನಿ ಮೀನ ರಾಶಿಗೆ ಬಂದದ್ದು ಯಾವತ್ತು? ನಮ್ಮ ಕಡೆಯ ಹೆಚ್ಚಿನ ಪಂಚಾಂಗಗಳು, ಟಿವಿ ಜ್ಯೋತಿಷಿಗಳು, ಮೊಬೈಲ್ ಆ್ಯಪ್‌ಗಳು ಹೇಳಿದ್ದು 2025ರ ಮಾರ್ಚ್ 29. ಶನಿಕಾಟ ಕಳೆಯಲೆಂದು ಕನ್ನಡಿಗರೂ ಹುಡುಕಿಕೊಂಡು ಹೋಗುವ ಕಾರೈಕಾಲ್ ಬಳಿಯ ತಿರುನಳ್ಳಾರು ದೇವಸ್ಥಾನದವರು ಮಾತ್ರ ಆ ದಿನ ನಮ್ಮಲ್ಲಿ ಏನೂ ಇಲ್ಲ ಎಂದುಬಿಟ್ಟರು. ಅಲ್ಲಿ ನಡೆಯುವುದು ವಾಕ್ಯ ಪಂಚಾಂಗ. ಅದರ ಲೆಕ್ಕದಲ್ಲಿ ಶನಿ ಮೀನಕ್ಕೆ ಕಾಲಿಡುವುದು 2026ರ ಮಾರ್ಚ್‌ನಲ್ಲಿ. ಅದರ ಹಿಂದಿನ ಸಲವೂ ಇದೇ ಕತೆ. ಆಕಾಶಕ್ಕೆ ತಾಳೆಯಾಗುವಂತೆ ಲೆಕ್ಕ ಹಾಕುವ ದೃಕ್ ಪಂಚಾಂಗದವರ ಶನಿ 2023ರ ಜನವರಿ 17ಕ್ಕೇ ಕುಂಭಕ್ಕೆ ಹೋಗಿಯಾಗಿತ್ತು. ತಿರುನಳ್ಳಾರಿನ ಶನಿ ಆ ವರ್ಷದ ಡಿಸೆಂಬರ್ 20ರವರೆಗೆ ಮಕರದಲ್ಲೇ ಕೂತಿದ್ದ.

ಒಂದಲ್ಲ ಎರಡಲ್ಲ, ಹನ್ನೊಂದು ತಿಂಗಳು. ಮಕರ ರಾಶಿಯವನ ಸಾಡೇಸಾತಿ ಒಂದು ಪಂಚಾಂಗದಲ್ಲಿ 2025ರ ಮಾರ್ಚ್‌ಗೇ ಮುಗಿಯಿತು, ಇನ್ನೊಂದರ ಪ್ರಕಾರ ಅವನು ಹತ್ತಿರ ಹತ್ತಿರ ಒಂದು ವರ್ಷ ಶನಿವಾರ ಶನಿವಾರ ಎಳ್ಳೆಣ್ಣೆ ಹೊಯ್ಯುತ್ತಲೇ ಇರಬೇಕು. ಯಾರು ಸರಿ ಎಂದು ತಿಳಿಯಲು ಶಾಸ್ತ್ರ ಬೇಕಿರಲಿಲ್ಲ, ಮಾಳಿಗೆ ಹತ್ತಿದ್ದರೆ ಸಾಕಿತ್ತು. 2023ರ ಡಿಸೆಂಬರ್ ಸಂಜೆಗಳಲ್ಲಿ ಶನಿ ಪಶ್ಚಿಮದ ಕಡೆ ಬರಿಗಣ್ಣಿಗೇ ಕಾಣುತ್ತಿತ್ತು. ವಾಕ್ಯದವರು ಈಗ ಕುಂಭಕ್ಕೆ ಬಂತು ಎಂದ ದಿನ ಅದು ದೃಕ್ ಲೆಕ್ಕದಲ್ಲಿ ಕುಂಭದೊಳಗೆ ಸುಮಾರು 8 ಅಂಶ ನಡೆದಾಗಿತ್ತು. ಆಕಾಶದಲ್ಲಿ 8 ಅಂಶವೆಂದರೆ ಹದಿನಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರ.

ನಾನು ಜ್ಯೋತಿಷಿಯಲ್ಲ. ಬಾಗಲಕೋಟೆಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸಿ ನಿವೃತ್ತನಾದವನು. ನಮ್ಮಜ್ಜ ಪಂಚಾಂಗದ ಲೆಕ್ಕ ಹಾಕುತ್ತಿದ್ದರು, ಕುಂಡಲಿ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರ ಪಾಟಿ ಒರೆಸಿಕೊಡುತ್ತ ನಾನು ಕಲಿತದ್ದು ಫಲವನ್ನಲ್ಲ, ಗಣಿತವನ್ನು. ಹೀಗಾಗಿ ಈಗಲೂ ಯಾರಾದರೂ ಕುಂಡಲಿ ಹಿಡಿದು ಮನೆಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಆ ಹನ್ನೆರಡು ಮನೆಗಳ ಕಡೆಗಲ್ಲ. ಅಂಕಿಗಳು ಎಲ್ಲಿಂದ ಬಂದವು ಎಂಬ ಕಡೆಗೆ. ಹೆಚ್ಚಿನ ಕುಂಡಲಿಗಳಲ್ಲಿ ಅದು ಬರೆದೇ ಇರುವುದಿಲ್ಲ. ಈ ಲೇಖನದ ತಕರಾರು ಇಷ್ಟೇ.

ಗ್ರಹ ಎಲ್ಲಿದೆ ಎಂದು ದಿನಾ ರಾತ್ರಿ ನೋಡಿ ಬರೆದಿಟ್ಟು ಜ್ಯೋತಿಷ್ಯ ಹೇಳಿದವರು ಯಾವ ಕಾಲಕ್ಕೂ ಕಡಿಮೆ. ಅವರ ಕೈಯಲ್ಲಿ ಯಾವಾಗಲೂ ಇದ್ದದ್ದು ಕೋಷ್ಟಕ. ವಾಕ್ಯವೆಂದರೆ ಬಾಯಿಪಾಠಕ್ಕೆ ಇಳಿಸಿದ ಕೋಷ್ಟಕವೇ. ಅಲ್ಲಿ ಅಕ್ಷರಗಳೇ ಅಂಕಿಗಳು. ಸಂಗೀತ ಬಲ್ಲವರಿಗೆ ಈ ಕಟಪಯಾದಿ ಗೊತ್ತಿರುತ್ತದೆ: ಮೇಚಕಲ್ಯಾಣಿಯ ‘ಮೇ’ ಎಂದರೆ 5, ‘ಚ’ ಎಂದರೆ 6, ಬಲದಿಂದ ಓದಿದರೆ 65ನೇ ಮೇಳ. ವರರುಚಿಯ ಹೆಸರಿನಲ್ಲಿರುವ ಚಂದ್ರವಾಕ್ಯಗಳು 248. ದಿನಕ್ಕೊಂದು ವಾಕ್ಯ, ಅದರಲ್ಲಿ ಆ ದಿನದ ಚಂದ್ರನ ಸ್ಥಾನ. 248 ದಿನದಲ್ಲಿ ಚಂದ್ರ ಭೂಮಿಗೆ ಹತ್ತಿರವಾಗಿ ದೂರವಾಗುವ ಸುತ್ತು ಒಂಬತ್ತು ಸಲ ಮುಗಿಯುತ್ತದೆ. ಮತ್ತೆ ಮೊದಲ ವಾಕ್ಯಕ್ಕೆ ಬರಬಹುದು. ಕಾಗದವಿಲ್ಲದೆ ಚಂದ್ರನನ್ನು ನಾಲಗೆಯ ಮೇಲೆ ಇಟ್ಟುಕೊಂಡ ಆ ಬುದ್ಧಿಗೆ ಗಣಿತ ಮಾಸ್ತರನಾಗಿ ನಾನು ಕೈಮುಗಿಯುತ್ತೇನೆ.

ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಕಡೆ ನಡೆದದ್ದು ಇನ್ನೊಂದು ದಾರಿ. 1520ರ ಸುಮಾರಿಗೆ ಗಣೇಶ ದೈವಜ್ಞ ಬರೆದ ಗ್ರಹಲಾಘವ. ಜ್ಯಾ, ಕೋಟಿಜ್ಯಾಗಳ (ಸೈನ್, ಕೊಸೈನ್) ಗೊಡವೆಯೇ ಇಲ್ಲ. ಕೂಡಿಸು, ಕಳೆ, ಗುಣಿಸು, ಭಾಗಿಸು. ಪಾಟಿಯ ಮೇಲೆ ಗ್ರಹಗಳೆಲ್ಲ ಇಳಿದುಬರುತ್ತವೆ. ಅದು ಬರೆದ ಕಾಲಕ್ಕೆ ಆಕಾಶಕ್ಕೂ ಅದಕ್ಕೂ ಚೆನ್ನಾಗಿಯೇ ತಾಳೆಯಾಗುತ್ತಿತ್ತು. ಆದರೆ ಯಾವ ಕೋಷ್ಟಕವೂ ಶಾಶ್ವತವಲ್ಲ. ವರ್ಷಕ್ಕೆ ಕೂದಲೆಳೆಯಷ್ಟು ತಪ್ಪಿದರೂ ನಾಲ್ಕು ನೂರು, ಎಂಟು ನೂರು ವರ್ಷಕ್ಕೆ ಅದು ಗೇಣಾಗುತ್ತದೆ, ಮೊಳವಾಗುತ್ತದೆ. ತಿರುನಳ್ಳಾರಿನ ಶನಿಗೆ ಆದದ್ದು ಅದೇ. ಹಿಂದಿನವರಿಗೆ ಇದು ಗೊತ್ತಿತ್ತು. ಆಗಾಗ ಆಕಾಶ ನೋಡಿ ಬೀಜಸಂಸ್ಕಾರ ಮಾಡಿ ಲೆಕ್ಕ ತಿದ್ದಿಕೊಳ್ಳುತ್ತಿದ್ದರು. ಕೇರಳದ ಪರಮೇಶ್ವರ 1431ರಲ್ಲಿ ಹಳೆಯ ಪರಹಿತ ಪದ್ಧತಿ ಆಕಾಶಕ್ಕೆ ಹೊಂದುತ್ತಿಲ್ಲವೆಂದು ದೃಗ್ಗಣಿತವನ್ನೇ ಬರೆದ. ತಿದ್ದುವುದು ನಿಂತುಹೋಗಿ, ತಿದ್ದದೇ ಇರುವುದೇ ಸಂಪ್ರದಾಯ ಎಂಬ ಹಟ ಶುರುವಾದದ್ದು ಆಮೇಲಿನ ಮಾತು.

ತಿಥಿಯ ವಿಷಯದಲ್ಲಿ ಈ ಹಟಕ್ಕೊಂದು ಸೂತ್ರವೇ ಇದೆ: ಬಾಣವೃದ್ಧಿ ರಸಕ್ಷಯ. ತಿಥಿ 60 ಘಟಿಗಿಂತ, ಅಂದರೆ ಒಂದು ದಿನಕ್ಕಿಂತ, ಐದು ಘಟಿ ಬೆಳೆಯಬಹುದು, ಆರು ಸವೆಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಆಕಾಶದ ಚಂದ್ರ ಈ ಸೂತ್ರ ಓದಿಲ್ಲ. ನಿಜದ ತಿಥಿ 20 ಗಂಟೆಯವರೆಗೂ ಕುಗ್ಗುತ್ತದೆ, 26 ಮುಕ್ಕಾಲು ಗಂಟೆಯವರೆಗೂ ಹಿಗ್ಗುತ್ತದೆ. ದೃಕ್‌ನವರು ಅದನ್ನು ಸಪ್ತವೃದ್ಧಿ ದಶಕ್ಷಯ ಎನ್ನುತ್ತಾರೆ. ಹಳೆಯ ಲೆಕ್ಕ ಗ್ರಹಣ ತಪ್ಪಬಾರದೆಂದು ಅಮಾವಾಸ್ಯೆ, ಹುಣ್ಣಿಮೆಗೆ ಹೊಂದಿಸಿದ್ದು. ಅಲ್ಲಿ ಸರಿಯಿದ್ದು, ಅಷ್ಟಮಿಯ ಹೊತ್ತಿಗೆ ನಾಲ್ಕೈದು ಗಂಟೆಯವರೆಗೂ ಹೆಚ್ಚುಕಡಿಮೆಯಾಗುತ್ತದೆ.

ಇದನ್ನು ಸರಿಪಡಿಸಲು ಹೊರಟವರಲ್ಲಿ ದೊಡ್ಡ ಹೆಸರು ನಮ್ಮ ಊರಿನಲ್ಲೇ ಶಾಲಾ ಮಾಸ್ತರರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರದು. ಯುರೋಪಿನ ಖಗೋಳ ಕೋಷ್ಟಕಗಳನ್ನು ಅರಗಿಸಿಕೊಂಡು ಸಂಸ್ಕೃತದಲ್ಲಿ ಜ್ಯೋತಿರ್ಗಣಿತ ಬರೆದರು, ಪಂಚಾಂಗದವರಿಗೆಂದೇ ಕೇತಕೀ ಗ್ರಹಗಣಿತ ಮಾಡಿಕೊಟ್ಟರು. ನೆಪ್ಚೂನಿನ ಆಚೆ ಇನ್ನೊಂದು ಗ್ರಹ ಇರಬೇಕೆಂದು 1911ರಲ್ಲೇ ಫ್ರೆಂಚ್ ಖಗೋಳ ಪತ್ರಿಕೆಯಲ್ಲಿ ಲೆಕ್ಕ ಸಮೇತ ಬರೆದವರು. ಪ್ಲೂಟೊ ಸಿಕ್ಕಿದ್ದು 1930ರಲ್ಲಿ. ಅದೇ ವರ್ಷ ಕೇತಕರರು ತೀರಿಕೊಂಡರು. ಬಾಗಲಕೋಟೆಯಲ್ಲಿ ಇವತ್ತು ಅವರ ಹೆಸರು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಮುಖ ನೋಡುತ್ತಾರೆ. ಇರಲಿ.

ಈಗ ಕುಂಡಲಿ ಬರೆಯುವವರು ಹೆಚ್ಚಿನವರು ದೃಕ್ ಅಂಕಿಗಳನ್ನೇ ಬಳಸುತ್ತಾರೆ. ಹಾಗಾದರೆ ಜಗಳ ಮುಗಿಯಿತಲ್ಲ ಎಂದರೆ ಇಲ್ಲ. ಅಯನಾಂಶ ಬಾಕಿಯಿದೆ.

ಭೂಮಿಯ ಅಕ್ಷ ನಿಧಾನಕ್ಕೆ ಹೊರಳುತ್ತಿರುವುದರಿಂದ ವಸಂತ ವಿಷುವದ ಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆ ಹಿಂದೆ ಸರಿಯುತ್ತದೆ, 72 ವರ್ಷಕ್ಕೆ ಒಂದು ಅಂಶ. ಖಗೋಳದವರ ಕೋಷ್ಟಕ ಅಳೆಯುವುದು ಆ ಬಿಂದುವಿನಿಂದ, ಅದು ಸಾಯನ. ನಮ್ಮ ಜ್ಯೋತಿಷಿಗೆ ಬೇಕಾದದ್ದು ನಿರಯನ, ನಕ್ಷತ್ರಗಳಿಗೆ ಗಂಟು ಹಾಕಿದ ಮೇಷಾದಿಯಿಂದ. ಎರಡರ ನಡುವಿನ ಅಂತರವೇ ಅಯನಾಂಶ, ಅದನ್ನು ಕಳೆಯಬೇಕು. ಎಷ್ಟು ಕಳೆಯಬೇಕು? ಮೇಷ ಎಲ್ಲಿ ಶುರುವಾಗುತ್ತದೆ ಎಂದು ಆಕಾಶದಲ್ಲಿ ಯಾರೂ ಗೂಟ ಹೊಡೆದಿಲ್ಲ. ಚಿತ್ತಾ ನಕ್ಷತ್ರ ಮೇಷಾದಿಯಿಂದ ಸರಿಯಾಗಿ 180 ಅಂಶದಲ್ಲಿದೆ ಎಂದು ಹಿಡಿಯುವವರು ಒಂದು ಪಕ್ಷ. ರೇವತಿಯ ಯೋಗತಾರೆಯೇ ಮೇಷಾದಿ ಎನ್ನುವವರು ಇನ್ನೊಂದು ಪಕ್ಷ. ಬಾಲಗಂಗಾಧರ ತಿಲಕರು ಆ ಕಡೆ. ಈ ಎರಡರ ನಡುವೆ ಸುಮಾರು 4 ಅಂಶ ವ್ಯತ್ಯಾಸ.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಸರ್ಕಾರ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಮಾಡಿತು. 1955ರಲ್ಲಿ ವರದಿ ಬಂತು. ಹಬ್ಬಗಳ ದಿನಕ್ಕಾದರೂ ದೇಶವೆಲ್ಲ ಒಂದೇ ಲೆಕ್ಕ ಇರಲೆಂದು ಅವರು ಚಿತ್ತಾ ಪಕ್ಷದ ಹತ್ತಿರದ ಒಂದು ಅಯನಾಂಶ ಗೊತ್ತು ಮಾಡಿದರು: 1956ರ ಮಾರ್ಚ್ 21ಕ್ಕೆ 23 ಅಂಶ 15 ಕಲೆ. ಸಮಿತಿಯ ಕಾರ್ಯದರ್ಶಿ ಎನ್.ಸಿ. ಲಾಹಿರಿ, ಅವರ ಹೆಸರೇ ಅದಕ್ಕೆ ಅಂಟಿತು. ಇವತ್ತು ಯಾವುದೇ ಜ್ಯೋತಿಷ್ಯದ ಆ್ಯಪ್ ತೆರೆದರೂ ತಾನಾಗಿ ಇರುವುದು ಲಾಹಿರಿ. ಜ್ಯೋತಿಷ್ಯವನ್ನು ಕಿಂಚಿತ್ತೂ ನಂಬದ ಒಬ್ಬ ಭೌತವಿಜ್ಞಾನಿಯ ಸಮಿತಿ ಹಬ್ಬಕ್ಕೆಂದು ಹಾಕಿದ ಗೆರೆ, ಈಗ ಕೋಟ್ಯಂತರ ಜನರ ರಾಶಿ ನಕ್ಷತ್ರ ಹೇಳುತ್ತಿದೆ.

ಎಲ್ಲರೂ ಒಪ್ಪಲಿಲ್ಲ. ಬೆಂಗಳೂರಿನ ಬಿ.ವಿ. ರಾಮನ್ ತಮ್ಮದೇ ಅಯನಾಂಶ ಇಟ್ಟುಕೊಂಡರು, ಅದು ಲಾಹಿರಿಯದಕ್ಕಿಂತ ಸುಮಾರು 1 ಅಂಶ 27 ಕಲೆ ಕಡಿಮೆ. ಅವರ ಪುಸ್ತಕ ಓದಿ ಕಲಿತ ಜ್ಯೋತಿಷಿಗಳು ಕರ್ನಾಟಕದಲ್ಲಿ ಈಗಲೂ ಬಹಳ. ಒಂದೂವರೆ ಅಂಶಕ್ಕೆ ಏನಾಗುತ್ತದೆ ಮಹಾ ಎನ್ನಬೇಡಿ, ಲೆಕ್ಕ ಹಾಕಿ ತೋರಿಸುತ್ತೇನೆ.

ನಮ್ಮ ಶಾಲೆಯಲ್ಲೇ ಪಾಠ ಹೇಳುತ್ತಿದ್ದವರೊಬ್ಬರು ಮಗಳ ಕುಂಡಲಿ ಹಿಡಿದು ಬಂದರು. ‘ಸರ, ಒಂದ್ಸಲ ನೀವರ ಲೆಕ್ಕಾ ಹಾಕಿ ನೋಡ್ರಿ. ಹುಡುಗ ಒಪ್ಪ್ಯಾನ, ಹುಡುಗಿ ಒಪ್ಪ್ಯಾಳ. ಬರೇ ಹದಿನಾರೂವರೆ ಗುಣ ಕೂಡ್ತಾವು, ಹದಿನೆಂಟಿಲ್ಲ ಅಂತ ಅವರ ಜೋಯಿಸರು ಬ್ಯಾಡ ಅಂದ್ರಂತ.’ ಹುಡುಗನದು ಚಿತ್ತಾ ನಕ್ಷತ್ರ, ತುಲಾ ರಾಶಿ. ಹುಡುಗಿಯದು ಉತ್ತರಾ, ಕನ್ಯಾ ರಾಶಿ.

ಹುಡುಗಿ ಹುಟ್ಟಿದ ವರ್ಷದ ಲಾಹಿರಿ ಎಫಿಮೆರಿಸ್ ತೆಗೆದೆ. ಅದರಲ್ಲಿ ಪ್ರತಿದಿನ ಬೆಳಗಿನ 5.30ಕ್ಕೆ ಗ್ರಹಗಳಿರುವ ಜಾಗ ಅಚ್ಚಾಗಿರುತ್ತದೆ. ಗ್ರೀನಿಚ್ಚಿನ ನಡುರಾತ್ರಿ ನಮಗೆ 5.30. ಅವಳು ಹುಟ್ಟಿದ ದಿನ ಆ ಹೊತ್ತಿಗೆ ಚಂದ್ರ ಕನ್ಯೆಯಲ್ಲಿ 8 ಅಂಶ 6 ಕಲೆ, ಮರುದಿನ 21 ಅಂಶ 18 ಕಲೆ. ಒಂದು ದಿನದ ಓಟ 13 ಅಂಶ 12 ಕಲೆ, ಅಂದರೆ 792 ಕಲೆ, ಗಂಟೆಗೆ 33. ಹುಡುಗಿ ಹುಟ್ಟಿದ್ದು 7.30ಕ್ಕೆ, ಎರಡು ಗಂಟೆಗೆ 66 ಕಲೆ. ಕೂಡಿಸಿದರೆ 9 ಅಂಶ 12 ಕಲೆ. ಕನ್ಯೆಯಲ್ಲಿ ಉತ್ತರಾ ಮುಗಿಯುವುದು 10 ಅಂಶಕ್ಕೆ. ಸರಿ, ಉತ್ತರಾ ನಾಲ್ಕನೇ ಪಾದ. ಜೋಯಿಸರ ಗಣಿತದಲ್ಲಿ ತಪ್ಪಿಲ್ಲ.

ಈಗ ಅದೇ ಚಂದ್ರನಿಗೆ ರಾಮನ್ ಅಯನಾಂಶ ಹಾಕಿ. ಕಡಿಮೆ ಕಳೆಯುವುದರಿಂದ ಚಂದ್ರ 1 ಅಂಶ 27 ಕಲೆ ಮುಂದೆ ಹೋಗಿ 10 ಅಂಶ 39 ಕಲೆಗೆ ಬಂತು. ಹುಡುಗಿಯದು ಹಸ್ತಾ ನಕ್ಷತ್ರವಾಯಿತು! ಮನುಷ್ಯ ಗಣ ಹೋಗಿ ದೇವ ಗಣ. ತಾರಾಕೂಟದಲ್ಲಿ ಒಂದೂವರೆ ಇದ್ದದ್ದು ಪೂರ್ತಿ ಮೂರು. ಯೋನಿ ಗೋವಿನಿಂದ ಮಹಿಷಕ್ಕೆ ಬಂತು. ಹುಡುಗನದು ವ್ಯಾಘ್ರ, ಗೋವು–ವ್ಯಾಘ್ರ ಜನ್ಮವೈರ, ಆ ಸಾಲಿಗೆ ಸೊನ್ನೆ ಬಿದ್ದಿತ್ತು, ಎಮ್ಮೆಯಾದರೆ ವೈರವಿಲ್ಲ, ಒಂದು ಅಂಕ ಸಿಕ್ಕಿತು. (ಹುಲಿಯ ಮುಂದೆ ಎಮ್ಮೆ ನೆಮ್ಮದಿಯಾಗಿರುತ್ತದೆ ಎಂದರೆ ನಮ್ಮ ಗೌಳಿಗರು ನಗುತ್ತಾರೆ, ಅದು ಬೇರೆ.) ಒಟ್ಟು ಕೂಡಿಸಿದರೆ ಹತ್ತೊಂಬತ್ತಕ್ಕೆ ಕಡಿಮೆಯಿಲ್ಲ. ಹುಟ್ಟಿದ ವೇಳೆ ಅದೇ, ಚಂದ್ರ ಅದೇ, ಹುಡುಗಿ ಅವಳೇ. ದಶೆಯೂ ಬದಲಾಯಿತು: ಲಾಹಿರಿಯಲ್ಲಿ ಹುಟ್ಟುವಾಗ ರವಿ ದಶೆ ನಾಲ್ಕು ತಿಂಗಳು ಚಿಲ್ಲರೆ ಉಳಿದಿತ್ತು, ರಾಮನ್ ಅಯನಾಂಶದಲ್ಲಿ ಚಂದ್ರ ದಶೆ ಒಂಬತ್ತೂವರೆ ವರ್ಷ ಬಾಕಿ.

ಇದು ಅಪರೂಪದ ಗಡಿ ಪ್ರಕರಣ ಎಂದು ಯಾರಾದರೂ ಹೇಳಿಯಾರು. ನಕ್ಷತ್ರದ ಅಗಲ 13 ಅಂಶ 20 ಕಲೆ, ಅಂದರೆ 800 ಕಲೆ. ಅಯನಾಂಶದ ವ್ಯತ್ಯಾಸ 87 ಕಲೆ. ಹುಟ್ಟಿದವರಲ್ಲಿ ಒಂಬತ್ತು ಜನರಿಗೆ ಒಬ್ಬರಂತೆ ನಕ್ಷತ್ರ ಬದಲಾಗುತ್ತದೆ. ವಧು–ವರ ಇಬ್ಬರಲ್ಲಿ ಒಬ್ಬರದಾದರೂ ಬದಲಾಗುವುದು ಐದು ಜೋಡಿಗೆ ಒಂದು. ನಕ್ಷತ್ರ ಬದಲಾಗದವರಿಗೂ ದಶೆ ಸರಿಯುತ್ತದೆ. 20 ವರ್ಷದ ಶುಕ್ರ ದಶೆಯಲ್ಲಿ ಅದು ಎರಡು ವರ್ಷಕ್ಕೂ ಮೀರಿ ಆಚೀಚೆ. ‘ಬರುವ ಕಾರ್ತೀಕದ ಮೇಲೆ ನೌಕರಿ ಖಾಯಂ’ ಎಂದು ತಿಂಗಳು ಹೆಸರಿಸಿ ಹೇಳುವವರಿಗೆ ಈ ಎರಡು ವರ್ಷ ಕಾಣುವುದಿಲ್ಲವೋ, ಕಂಡೂ ಹೇಳುವುದಿಲ್ಲವೋ.

ಇನ್ನು ಹುಟ್ಟಿದ ವೇಳೆ. ನನ್ನ ಕೈಗೆ ಬರುವ ಚೀಟಿಗಳಲ್ಲಿ ನಿಮಿಷದ ಅಂಕಿ ಹೆಚ್ಚಾಗಿ ಸೊನ್ನೆಯಲ್ಲಿ ಇಲ್ಲವೇ ಐದರಲ್ಲಿ ಮುಗಿಯುತ್ತದೆ. ಹೆರಿಗೆ ಕೋಣೆಯಲ್ಲಿ ನರ್ಸಮ್ಮನಿಗೆ ಮೊದಲು ಮಗು ಅಳಬೇಕು, ತಾಯಿಯ ರಕ್ತ ನಿಲ್ಲಬೇಕು. ಗೋಡೆ ಗಡಿಯಾರ ನೋಡುವುದು ಆಮೇಲೆ. ಅದು ಸರಿಯೂ ಹೌದು. ಆದರೆ ಲಗ್ನ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಅಂಶ ಓಡುತ್ತದೆ. ನವಾಂಶ ಹದಿಮೂರು ನಿಮಿಷಕ್ಕೆ ಬದಲಾಗುತ್ತದೆ, ಷಷ್ಟ್ಯಂಶ ಎರಡೇ ನಿಮಿಷಕ್ಕೆ. ಇಷ್ಟಿದ್ದೂ ಕಂಪ್ಯೂಟರ್ ಕುಂಡಲಿಯಲ್ಲಿ ಲಗ್ನ 14 ಅಂಶ 27 ಕಲೆ 38 ವಿಕಲೆ ಎಂದು ಅಚ್ಚಾಗಿರುತ್ತದೆ. ಒಂದು ವಿಕಲೆ ಲಗ್ನವೆಂದರೆ ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು. ಐದು ನಿಮಿಷಕ್ಕೆ ಸರಿಹೊಂದಿಸಿ ಬರೆದ ವೇಳೆಗೆ ಈ 38 ವಿಕಲೆ ಎಲ್ಲಿಂದ ಬಂತು? ಹತ್ತನೇ ತರಗತಿಯ ಹುಡುಗ ಹೀಗೆ ಉತ್ತರ ಬರೆದಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ.

ಹಳೆಯ ಕುಂಡಲಿಗಳ ಪಾಡು ಇನ್ನೂ ಬೇರೆ. ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ಆಗ ಹುಟ್ಟಿದವರ ವೇಳೆಯಲ್ಲಿ ಆ ಒಂದು ಗಂಟೆ ಕಳೆದಿದ್ದಾರೋ ಇಲ್ಲವೋ ಎನ್ನುವುದರ ಮೇಲೆ ಲಗ್ನ ಅರ್ಧ ರಾಶಿ ಆಚೀಚೆ.

ವಿಕಲೆಯ ಈ ಬೆಡಗು ಬಂದದ್ದು ಹೀಗೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಬಾಹ್ಯಾಕಾಶ ನೌಕೆಗಳಿಗೆ ದಾರಿ ಹಾಕಲು ಗ್ರಹಗಳ ಅತಿ ಸೂಕ್ಷ್ಮ ಕೋಷ್ಟಕ ಮಾಡುತ್ತಾರೆ. ಅದನ್ನು ಹಿಂಡಿ ಚಿಕ್ಕದು ಮಾಡಿ ಸ್ವಿಟ್ಜರ್ಲೆಂಡಿನ ಒಂದು ಜ್ಯೋತಿಷ್ಯ ಕಂಪನಿ 1997ರಲ್ಲಿ ಸ್ವಿಸ್ ಎಫಿಮೆರಿಸ್ ಹೊರತಂದಿತು. ನಮ್ಮ ಮೊಬೈಲಿನ ಅನೇಕ ಕುಂಡಲಿ ಆ್ಯಪ್‌ಗಳ ಹೊಟ್ಟೆಯಲ್ಲಿ ಇರುವುದು ಅದೇ. ಅಂಕಿ ಅಪ್ಪಟ, ಅದರಲ್ಲಿ ಅನುಮಾನವಿಲ್ಲ. ಆ ಅಂಕಿಯ ಪಕ್ಕದಲ್ಲೇ ‘ವಿವಾಹ ವಿಳಂಬ’ ಎಂದು ಅಚ್ಚು ಹಾಕಿದಾಗ ಓದುವವನಿಗೆ ಎರಡೂ ಒಂದೇ ತೂಕದ ಮಾತಾಗಿ ಕಾಣುತ್ತವೆ. ನನ್ನ ಸಿಟ್ಟು ಇರುವುದು ಇಲ್ಲಿ.

ಗ್ರಹಸ್ಥಿತಿ ಸರಿಯಿದ್ದರೆ ಫಲವೂ ಸರಿ ಬರುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 200 ಮಕ್ಕಳ ಕುಂಡಲಿ ಸಂಗ್ರಹಿಸಿದರು. ಅರ್ಧದಷ್ಟು ಮಕ್ಕಳು ಓದಿನಲ್ಲಿ ಬಹಳ ಜಾಣರು, ಅರ್ಧದಷ್ಟು ಬುದ್ಧಿಮಾಂದ್ಯರು. ಒಬ್ಬೊಬ್ಬ ಜ್ಯೋತಿಷಿಗೆ 40 ಕುಂಡಲಿ ಕೊಟ್ಟು ಯಾವುದು ಯಾರದು ಹೇಳಿ ಎಂದರು. ಉತ್ತರ ಕಳಿಸಿದವರು 27 ಜನ. ಸರಿಯಾದದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದರೆ 50 ಬರುತ್ತಿತ್ತು. 2009ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೂ ಹಿಂದೆ 1962ರ ಫೆಬ್ರವರಿಯ ಅಷ್ಟಗ್ರಹ ಕೂಟ ಹಿರಿಯರಿಗೆ ನೆನಪಿರಬಹುದು. ಮಕರದಲ್ಲಿ ಕೇತು ಸಮೇತ ಎಂಟು ಗ್ರಹ ಸೇರುತ್ತವೆ ಎಂದು ಪಂಚಾಂಗ ಹೇಳಿತ್ತು, ಸೇರಿದವು. ಪ್ರಳಯವಾಗುತ್ತದೆ ಎಂದು ಊರೂರಲ್ಲಿ ಹೋಮ ನಡೆದವು, ಪ್ರಳಯ ಬರಲಿಲ್ಲ. ಗಣಿತ ತನ್ನ ಮಾತು ಉಳಿಸಿಕೊಂಡಿತು.

ಕುಂಡಲಿ ನೋಡುವುದನ್ನೇ ಬಿಡಿ ಎಂದರೆ ನಮ್ಮ ಮನೆಯಲ್ಲೇ ಯಾರೂ ಕೇಳುವುದಿಲ್ಲ, ಊರಿಗೆ ಏನು ಹೇಳಲಿ. ಕೇಳುವುದು ಸಣ್ಣ ಪ್ರಾಮಾಣಿಕತೆಯನ್ನು. ಔಷಧದ ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿರುತ್ತಾರೆ. ಹಾಗೆಯೇ ಪ್ರತಿ ಪಂಚಾಂಗದ ಮೊದಲ ಪುಟದಲ್ಲಿ, ಪ್ರತಿ ಕುಂಡಲಿಯ ತಲೆಯ ಮೇಲೆ ಯಾವ ಗಣಿತ, ಯಾವ ಅಯನಾಂಶ ಎಂದು ಬರೆಯಲಿ. ಕೆಲವು ಒಳ್ಳೆಯ ಪಂಚಾಂಗಗಳು ಈಗಾಗಲೇ ಬರೆಯುತ್ತವೆ. ಹುಟ್ಟಿದ ವೇಳೆ ಐದು ನಿಮಿಷ ಆಚೀಚೆ ಆದರೆ ಲಗ್ನ, ನವಾಂಶ ಬದಲಾಗುತ್ತವೆಯೇ ಎಂದು ಒಂದು ಸಾಲು ಸೇರಿಸುವುದು ಕಂಪ್ಯೂಟರಿಗೆ ಕಷ್ಟವೇನಲ್ಲ. ಜೋಯಿಸರೂ ಬಾಯಿಬಿಟ್ಟು ಹೇಳಲಿ: ಈ ನಕ್ಷತ್ರ ಗಡಿಯಲ್ಲಿದೆ, ಇನ್ನೊಂದು ಲೆಕ್ಕದಲ್ಲಿ ಬೇರೆ ಬರುತ್ತದೆ. ಹಾಗೆ ಹೇಳುವ ಒಬ್ಬಿಬ್ಬರನ್ನು ನಾನು ಬಲ್ಲೆ, ಅವರಿಗೆ ಗಿರಾಕಿಗಳೇನೂ ಕಡಿಮೆಯಾಗಿಲ್ಲ.

ಹೆಣ್ಣು–ಗಂಡಿನ ಕುಂಡಲಿ ಹಿಡಿದು ಹೋಗುವ ತಂದೆ ತಾಯಿಗಳಿಗೆ ಒಂದು ಮಾತು. ಹದಿನಾರೂವರೆ, ಹದಿನೇಳು ಎಂಬ ಅಂಕಿ ಕೇಳಿ ಎದ್ದು ಬರುವ ಮುಂಚೆ ಕೇಳಿ: ಯಾವ ಅಯನಾಂಶ, ಸ್ವಾಮಿ? ಇನ್ನೊಂದು ಹಾಕಿದರೆ ಎಷ್ಟು ಬರುತ್ತದೆ? ಉತ್ತರ ಬರದಿದ್ದರೆ ದಕ್ಷಿಣೆ ಕೊಟ್ಟು ಬನ್ನಿ. ಮದುವೆಯ ಮಾತು ಮಾತ್ರ ಅಲ್ಲಿಗೇ ಮುರಿಯಬೇಡಿ.